ಕರ್ಚೀಫ್ ಹಾಕಿ ಹಿಡಿದ ಸೀಟು

ನಾನು ಹಂಚಬೇಕಿದ್ದದ್ದು ಒಂದೇ 5ಜಿ ಸೆಲ್. 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್, ಅದರೊಳಗಿನ ಒಂದೊಂದು ಪುಟ್ಟ ತರಂಗದ ನಡುವೆ 30 ಕಿಲೋಹರ್ಟ್ಸ್ ಅಂತರ. ಅಂದರೆ ಹಂಚಲು 273 ರಿಸೋರ್ಸ್ ಬ್ಲಾಕ್, ರೇಡಿಯೋ ಜಾಗದ ಪುಟ್ಟ ತುಂಡುಗಳು. ಅದರ ಮೇಲೆ ಮೂರು ಸ್ಲೈಸ್, ಅಂದರೆ ಒಂದೇ ನೆಟ್‌ವರ್ಕನ್ನು ಬೇರೆಬೇರೆ ಕೆಲಸಕ್ಕೆ ಹಂಚಿದ ಪಾಲು: ಗೋಡೌನಿನಲ್ಲಿ ತಾವಾಗಿಯೇ ಓಡಾಡುವ ಗಾಡಿಗಳಿಗೆ, ಕ್ಯಾಮೆರಾಗಳಿಗೆ, ಉಳಿದ ಫೋನುಗಳಿಗೆ.

ಗಾಡಿ ನಿಂತರೆ ಕೆಲಸವೇ ನಿಂತಂತೆ ಅಲ್ವಾ? ಅದಕ್ಕೇ ಅವುಗಳ ಡೆಡಿಕೇಟೆಡ್ ರೇಷಿಯೋ ಶೇ. 20 ಇಟ್ಟೆ. ಸುಮಾರು 54 ಬ್ಲಾಕ್ ಅವಕ್ಕೇ ಮೀಸಲು. ಕಿಟಕಿಯಿಂದ ಕರ್ಚೀಫ್ ಹಾಕಿ ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ: ಹಿಡಿದವರು ಹತ್ತದಿದ್ದರೂ ಬೇರೆಯವರು ಕೂರುವಂತಿಲ್ಲ. ಗಾಡಿಗಳ ಮೆಸೇಜುಗಳೋ ಪುಟ್ಟವು. ಆ ಬ್ಲಾಕುಗಳು ಸುಮ್ನೆ ಖಾಲಿ ಬಿದ್ದಿರುತ್ತಿದ್ದವು, ಪಕ್ಕದ ಸ್ಲೈಸಿನಲ್ಲಿ ಕ್ಯಾಮೆರಾ ವಿಡಿಯೋ ತಡವರಿಸುತ್ತಿತ್ತು. ಡೆಡಿಕೇಟೆಡ್ ಶೇ. 5ಕ್ಕೆ ಇಳಿಸಿ, ಮಿನಿಮಮ್ (ಕೇಳಿದಾಗ ಸಿಗಲೇಬೇಕಾದ ಪಾಲು) ಶೇ. 20 ಮಾಡಿದೆ. ಈಗ ಆ 5 ಬಿಟ್ಟು ಉಳಿದದ್ದು ಖಾಲಿ ಇದ್ದಾಗ ಯಾರು ಬೇಕಾದರೂ ಕೂರಬಹುದು, ಗಾಡಿಗೆ ಬೇಕಾದಾಗ ಏಳಬೇಕು.

ಆಮೇಲೆ ಬಾಗಿಲು ಕಾಯುವ ಕೆಲಸ. ಮೊಬೈಲ್ ನೆಟ್‌ವರ್ಕಿನ ನಿಯಮ ರೂಪಿಸುವ 3ಜಿಪಿಪಿಯ ರಿಲೀಸ್ 17ರಲ್ಲಿ ಸ್ಲೈಸಿನೊಳಗೆ ಎಷ್ಟು ಮಂದಿ ಎಂದು ಲೆಕ್ಕವಿಡುವ ಎನ್‌ಎಸ್‌ಎಸಿಎಫ್ ಮಾಡುವ ಹಾಗೆ ನಾನೂ ತಲೆ ಎಣಿಸಿದೆ: ಕ್ಯಾಮೆರಾ ಸ್ಲೈಸಿಗೆ 12 ಮಂದಿ, ಅಷ್ಟೇ. ಒಂಬತ್ತಕ್ಕೇ ತುಂಬಿಹೋಯಿತು! ನೋಡಿದರೆ, ಕಬ್ಬಿಣದ ರ‍್ಯಾಕ್ ಹಿಂದೆ ಒಂದು ಕ್ಯಾಮೆರಾ. ಉಳಿದವು 64 ಕ್ಯೂಎಎಂನಲ್ಲಿ ಕಳಿಸುತ್ತಿದ್ದರೆ ಇದು ಸಿಗ್ನಲ್ ಸೊರಗಿದಾಗ ಬಳಸುವ ಕ್ಯೂಪಿಎಸ್‌ಕೆಗೆ ಇಳಿದಿತ್ತು. ಒಂದು ಸಿಂಬಲ್ಲಿಗೆ, ಅಂದರೆ ಒಂದು ಸಲ ಕಳಿಸುವ ಸಿಗ್ನಲ್ಲಿಗೆ, 6 ಬಿಟ್ ಬದಲು 2. ಅದೇ ವಿಡಿಯೋಗೆ ಮೂರು ಪಟ್ಟಿಗಿಂತ ಕಡಿಮೆ ಜಾಗ ಸಾಲದು. ಅದೂ ಅಪ್‌ಲಿಂಕ್, ಅಂದರೆ ಕ್ಯಾಮೆರಾದಿಂದ ನೆಟ್‌ವರ್ಕಿನ ಕಡೆಗೆ. ಎರಡೂ ದಿಕ್ಕು ಸರದಿಯಲ್ಲಿ ನಡೆಯುವ ನಮ್ಮ ಟಿಡಿಡಿ ಪ್ಯಾಟರ್ನಿನಲ್ಲಿ ಐದು ಸ್ಲಾಟಿಗೆ ಒಂದೇ ಅದರ ಪಾಲು.

ಹಾಗಾಗಿ ತಲೆ ಬಿಟ್ಟು ಬ್ಲಾಕ್ ಎಣಿಸಿದೆ. ಕಳೆದ 10 ಸೆಕೆಂಡಿನ ಸರಾಸರಿ ಬಳಕೆ ಸ್ಲೈಸಿನ ಪಾಲಿನ ಶೇ. 80 ದಾಟಿದರೆ ಹೊಸ ಸೆಷನ್ ಇಲ್ಲ, 70ಕ್ಕೆ ಇಳಿದ ಮೇಲೆ ಮತ್ತೆ ಬಾಗಿಲು ತೆರೆ. ಒಳಗಿದ್ದವರನ್ನು ಎಬ್ಬಿಸುವುದಿಲ್ಲ. ಮೊದಲು ಎರಡಕ್ಕೂ 80 ಇಟ್ಟಿದ್ದೆ, ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು.

ಇನ್ನೊಂದು ಎಡವಟ್ಟು ನನ್ನದೇ. ಬೇಡ ಎಂದು ಕಾಸ್ 69 (ಈ ಸ್ಲೈಸಿನಲ್ಲಿ ಜಾಗ ಸಾಲದು ಎಂಬ ಕೋಡ್) ಕಳಿಸಿದೆ, ಎಷ್ಟು ಹೊತ್ತು ಕಾಯಬೇಕೆಂದು ಟೈಮರ್ ಕಳಿಸಲಿಲ್ಲ. ಹೊರಗುಳಿದ ಕ್ಯಾಮೆರಾಗಳು ಸೆಕೆಂಡಿಗೊಮ್ಮೆ ಬಾಗಿಲು ತಟ್ಟಿದವು, ಲಾಗ್ ತುಂಬ ಅದೇ. ಒಂದೊಂದಕ್ಕೂ ಬೇರೆಬೇರೆ ಬ್ಯಾಕ್‌ಆಫ್ ಸಮಯ ಕೊಟ್ಟೆ, ಶಾಂತವಾಯಿತು.

ರ‍್ಯಾಕ್ ಹಿಂದಿನ ಕ್ಯಾಮೆರಾವನ್ನು ಮರುದಿನ ಏಣಿ ಹಾಕಿ ಎರಡು ಮೀಟರ್ ಆಚೆ ಸರಿಸಿದೆವು. ಅದು 16 ಕ್ಯೂಎಎಂಗೆ ಏರಿತು. ಹತ್ತನೆಯದೂ ಒಳಗೆ ಬಂತು.