ಸಿದ್ದಿ ಮಹಿಳೆಯರ ಬಳಿ ಕೌದಿ ಹೊಲಿಗೆ ಕಲಿತ ಅನುಭವ

ಕೌದಿ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿದ ಹೊದಿಕೆ, ಹೊಲಿಯುವುದನ್ನು ಕಲಿಯಲು ಹೋಗುವವರ ಗುಂಪು ನಾಲ್ಕೈದು ಜನರನ್ನು ಮೀರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಶಿರಸಿಯಿಂದ ಕೆಲವು ಗೆಳತಿಯರು ಸೇರಿ ಯಲ್ಲಾಪುರ ತಾಲೂಕಿನ ಸಿದ್ದಿ ಮಹಿಳೆಯರಲ್ಲಿಗೆ ಹೋಗಿಬಂದ ಮೇಲೆ ಇದನ್ನು ಹೇಳುತ್ತಿದ್ದೇನೆ. ನೆಲಕ್ಕೆ ಹಾಸಿದ ಬಟ್ಟೆಯ ಅಂಚಿನಲ್ಲಿ ಶುರುವಾಗುವ ಹೊಲಿಗೆ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಹೊಲಿಯುವವರ ಬೆರಳು ಕಾಣುವಷ್ಟು ಹತ್ತಿರ ಕೂರಲು ಒಂದು ಕೌದಿಯ ಸುತ್ತ ಅಷ್ಟು ಮಂದಿಗೇ ಜಾಗ.

ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಕಾಡಿನಂಚಿನಲ್ಲಿ ನೆಲೆಸಿದ್ದಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿ ಮಹಿಳೆಯರು ಕೌದಿ ಹೊಲಿಯುತ್ತಾರೆ. ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕಾರದ ತೇಪೆಗಳೂ ಕಾಣುತ್ತವೆ.

ಹೊರಡುವ ಮೊದಲು ಮನೆಯ ಹಳೆಯ ಹತ್ತಿ ಬಟ್ಟೆಗಳನ್ನು ಒಗೆದು ಒಣಗಿಸಿ, ಗುಂಡಿ, ಕಾಲರು, ದಪ್ಪ ಹೊಲಿಗೆಗಳನ್ನೆಲ್ಲ ಬಿಚ್ಚಿಟ್ಟುಕೊಳ್ಳಬೇಕು. ಪಾಲಿಯೆಸ್ಟರ್ ಜಾರುತ್ತದೆ, ಕಲಿಯುವವರಿಗೆ ಅದು ಬೇಡ. ಅಡಿಗೆ ಒಂದು ಹಳೆಯ ಸೀರೆ ಹಾಸಿ, ಮೇಲೆ ತುಂಡುಗಳನ್ನು ಕೂಡಿಸುತ್ತ ಹೋಗುತ್ತಾರೆ. ಹೆಚ್ಚು ಬೆಚ್ಚಗಿರಬೇಕೆಂದರೆ ಪದರ ಹೆಚ್ಚು.

ಚೌಕಟ್ಟು, ಅಳತೆಪಟ್ಟಿ, ಮೊದಲೇ ಬರೆದ ಚಿತ್ರ ಯಾವುದೂ ಇಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಮಹಿಳೆ ರಾಶಿಯಿಂದ ಒಂದು ಕೆಂಪು ತುಂಡನ್ನು ಎತ್ತಿ, ಹಸಿರಿನ ಪಕ್ಕಕ್ಕಿಟ್ಟು ನೋಡಿ, ಒಪ್ಪಿಗೆಯಾಗದೆ ತೆಗೆದು, ಹಳದಿಯ ಪಕ್ಕಕ್ಕೆ ಇಟ್ಟರು. ಅದರ ಕತ್ತರಿಸಿದ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ನಾಲ್ಕಾರು ಹೊಲಿಗೆಗಳನ್ನು ಸೂಜಿಯ ಮೇಲೆಯೇ ಏರಿಸಿಕೊಂಡು ಒಮ್ಮೆಗೇ ದಾರ ಎಳೆದರು. ತೇಪೆಯನ್ನು ಕೂಡಿಸುವುದೂ ಪದರಗಳನ್ನು ಬಿಗಿಯುವುದೂ ಇದೇ ಒಂದು ಹೊಲಿಗೆ. ದಾರ ದಪ್ಪ ನೂಲಿನದು. ಅದನ್ನು ಅತಿಯಾಗಿ ಎಳೆದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಬಳಸುವಾಗ ಸಿಕ್ಕಿಕೊಂಡು ಹರಿಯುತ್ತದೆ. ಈ ಹದವನ್ನು ಮಾತಿನಲ್ಲಿ ಹೇಳಿಸಿಕೊಂಡು ಕಲಿಯಲಾಗದು. ಅವರು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ದಾರ ಎಳೆಸಿದಾಗಲೇ ನನಗೆ ಅದು ತಿಳಿದದ್ದು. ಮೂಲೆ ತಿರುಗಿಸುವಾಗ ಒಳಪದರ ಸರಿಯದಂತೆ ಅಂಗೈಯಿಂದ ನಡುವಿನ ಕಡೆಗೆ ಸವರುತ್ತಿರಬೇಕು.

ಕೊನೆಗೆ ನಾಲ್ಕು ಮೂಲೆಗಳಿಗೆ, ತ್ರಿಕೋನವಾಗಿ ಮಡಚಿದ ಬಟ್ಟೆಯನ್ನು ಒಂದರ ಮೇಲೊಂದು ಜೋಡಿಸಿದ ಫುಲಾ ಹೊಲಿಯುತ್ತಾರೆ. ಫುಲಾ ಇಲ್ಲದ ಕೌದಿಯನ್ನು ಅವರು ಬೆತ್ತಲೆ ಎಂದೇ ಭಾವಿಸುತ್ತಾರೆ. ನನಗೆ ಕೌದಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಬಳಕೆಗಾಗಿ ಹುಟ್ಟಿದ ಹೊದಿಕೆಯ ಮೇಲೆ, ಬಳಕೆಗೆ ಬೇಕಿಲ್ಲದ ಇಷ್ಟು ಶ್ರಮವನ್ನು ಅವರು ಮನಸಾರೆ ಹಾಕುತ್ತಾರೆ.

ಹೋಗುವುದಾದರೆ ಬೇಸಿಗೆಯಲ್ಲಿ ಹೋಗಬೇಕು. ಮಳೆ ಹಿಡಿದ ಮೇಲೆ ಅವರು ಗದ್ದೆ ಕೆಲಸಕ್ಕೆ ಹೋಗುವವರು, ಹೊಲಿಗೆಗೆ ಬಿಡುವಿರುವುದಿಲ್ಲ. ಬೇಸಿಗೆಯಲ್ಲೂ ನಮಗಾಗಿ ಕುಳಿತ ದಿನ ಅವರ ಕೂಲಿ ತಪ್ಪುತ್ತದೆ. ಆ ಕೂಲಿಯನ್ನೂ ಕಲಿಸಿದ್ದಕ್ಕೆ ಗೌರವಧನವನ್ನೂ ಬೇರೆ ಬೇರೆಯಾಗಿ ಕೊಡುವುದು ನ್ಯಾಯ. ಇದನ್ನು ಹೊರಡುವ ಮುನ್ನವೇ ಮಾತಾಡಿಕೊಳ್ಳಬೇಕು. ಫೋಟೋ ತೆಗೆಯಲು ಮಾತ್ರ ಬರುವವರನ್ನು ನಾನು ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ.

ನಾವು ಕೈಯಾಡಿಸಿದ ಕೌದಿ ಆ ಮನೆಯದೇ ಆದ್ದರಿಂದ ಅದು ಅಲ್ಲೇ ಉಳಿಯಿತು. ಶಿರಸಿಗೆ ಮರಳಿ ಪ್ರತಿಯೊಬ್ಬರೂ ಒಂದು ತೊಟ್ಟಿಲ ಕೌದಿ ಹಿಡಿದೆವು. ಹೊಸಬರು ದೊಡ್ಡದಕ್ಕೆ ಕೈಹಾಕಿದರೆ ತಿಂಗಳುಗಟ್ಟಲೆ ಬೇಕಾಗುತ್ತದೆ. ತೊಟ್ಟಿಲ ಕೌದಿಯಲ್ಲಾದರೆ ಅಂಚು, ತಿರುವು, ನಡು, ಫುಲಾ ಎಲ್ಲವೂ ಕಲಿತದ್ದು ನೆನಪಿನಲ್ಲಿರುವಾಗಲೇ ಒಮ್ಮೆ ಕೈಗೆ ಬಂದುಬಿಡುತ್ತವೆ.