ಬಲಿಪೂಜೆಯಲ್ಲಿ ವಾಚನಕ್ಕೆ ನಿಲ್ಲುವ ಮುನ್ನ

ಚರ್ಚಿನ ಸೇವೆ ಎಲ್ಲಿಂದ ಶುರುಮಾಡಲಿ ಎನ್ನುವವರು ವಾಚನವನ್ನು, ಅಂದರೆ ಬಲಿಪೂಜೆಯಲ್ಲಿ (ಕಥೋಲಿಕರ ಮಾಸ್‌ನಲ್ಲಿ) ಎಲ್ಲರೆದುರು ಬೈಬಲ್ ಭಾಗ ಓದುವ ಕೆಲಸವನ್ನು, ಕೇಳಿ ಪಡೆಯಿರಿ. ಓದುವವರ ವಿಶ್ವಾಸಕ್ಕೂ ಅದು ಆಹಾರ. ಭಾನುವಾರದ ವಾಚನಗಳು 3 ವರ್ಷದ ಚಕ್ರದಲ್ಲಿ ಸುತ್ತುವುದರಿಂದ ನಿಮ್ಮದು ಯಾವುದೆಂದು ಮೊದಲೇ ತಿಳಿಯುತ್ತದೆ. ಸೋಮವಾರವೇ ಬೈಬಲ್ ತೆರೆದು ಹಿಂದುಮುಂದಿನ ವಚನಗಳನ್ನೂ ಓದಿ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತುಮಾಡಿಕೊಳ್ಳಿ. ಆಮೇಲೆ ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆ ಪಳಗುವುದಿಲ್ಲ, ಬಾಬಿಲೋನಿನ ಅರಸ ‘ನೆಬೂಕದ್ನೆಚ್ಚರ’ನಂಥ ಹೆಸರು ಬಂದಾಗ ಎಲ್ಲರೆದುರು ತೊಡರುತ್ತದೆ. ನೆ-ಬೂ-ಕದ್-ನೆಚ್ಚರ ಎಂದು ಒಡೆದು ಹತ್ತು ಸಲ ಹೇಳಿ. ಬೈಬಲಿನಲ್ಲಿರುವ ಸಂತ ಪೌಲನ ಪತ್ರಗಳಲ್ಲಂತೂ ವಾಕ್ಯ ಮುಗಿಯುವುದೇ ಇಲ್ಲ! ಉಸಿರು ಎಳೆದುಕೊಳ್ಳುವ ಜಾಗಕ್ಕೆ ನಿಮ್ಮ ಪ್ರತಿಯಲ್ಲಿ ಪೆನ್ಸಿಲಿನ ಗೆರೆ ಹಾಕಿಕೊಳ್ಳಿ.

ಪೂಜೆಗೆ ಕಾಲು ಗಂಟೆ ಮುಂಚೆ ಹೋಗಿ ವಾಚನದ ಪುಸ್ತಕದಲ್ಲಿ ನಿಮ್ಮ ಪುಟ ನೋಡಿ, ಮೈಕನ್ನು ಗೇಣು ದೂರಕ್ಕೆ ಸರಿಸಿ. ಕೆಂಪಕ್ಷರದ ಸೂಚನೆಗಳನ್ನು ಓದಬೇಡಿ. ಕೊನೆಯ ಸಾಲಿನ ನಂತರ ಮೂರೆಣಿಸುವಷ್ಟು ಸುಮ್ಮನಿದ್ದು, ತಲೆಯೆತ್ತಿ ‘ಪ್ರಭುವಿನ ವಾಕ್ಯ’ ಎನ್ನಿ.