ಸ್ಕೂಬಾ ಡೈವಿಂಗಿನ ಅಡ್ವಾನ್ಸ್ಡ್ ಕೋರ್ಸಿಗೆ ಎರಡು ವರ್ಷ ಕಾದ ಲೆಕ್ಕ

2021ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾದ ಮೊದಲ ಕೋರ್ಸ್ 'ಓಪನ್ ವಾಟರ್' ಮುಗಿಸಿ, ಇನ್ನೂ ಒದ್ದೆ ಸೂಟಿನಲ್ಲೇ ಬೋಟಿನಲ್ಲಿ ಕೂತಿದ್ದೆವು. ಆಗಲೇ ಕಲಿಸುವವರ ಮಾತು ಶುರುವಾಯಿತು. "ಸರ್, ಇನ್ನೆರಡು ದಿನ ಇದ್ದುಬಿಡಿ, ಅಡ್ವಾನ್ಸ್ಡ್ ಕೂಡ ಮುಗಿಸಿಯೇ ಹೋಗಿ. ಐದೇ ಡೈವ್. ದಾವಣಗೆರೆಯಿಂದ ಮತ್ತೆ ಮತ್ತೆ ಎಲ್ಲಿ ಬರ್ತೀರಿ?" ಜೊತೆಗಿದ್ದ ಚಿತ್ರದುರ್ಗದ ಗೆಳೆಯ ಕೂಡಲೇ ಹೂಂ ಅಂದ. ನಾನೂ ಅಂದೆ. ದಡಕ್ಕೆ ಬಂದವನೇ 5,000 ಮುಂಗಡವನ್ನೂ ಕೊಟ್ಟೆ.

ಆ ರಾತ್ರಿ ಮುರುಡೇಶ್ವರದ ರೂಮಿನಲ್ಲಿ ಲಾಗ್‌ಬುಕ್ ತೆಗೆದು ಕೂತೆ. ನನ್ನದು ಪಂಪ್ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು ಎಷ್ಟು ಆಳದಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕ ದಿನಾ ಹಾಕುವವನು, ನನ್ನದೇ ಉಸಿರಿನ ಲೆಕ್ಕ ಹಾಕದೆ ಇರಲಾಗಲಿಲ್ಲ. ನಾಲ್ಕನೇ ಡೈವ್: ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯಲು 26 ನಿಮಿಷ, ಸರಾಸರಿ ಆಳ 9 ಮೀಟರ್. ಬಳಸಿದ ಬಾರನ್ನು ಸಿಲಿಂಡರಿನ 11 ಲೀಟರಿಂದ ಗುಣಿಸಿ, ನಿಮಿಷದಿಂದ ಭಾಗಿಸಿ, ಆ ಆಳದ ಒತ್ತಡ 1.9ರಿಂದ ಮತ್ತೆ ಭಾಗಿಸಿದೆ. ನಿಮಿಷಕ್ಕೆ 33–34 ಲೀಟರ್ ಬಂತು. ಅಡ್ವಾನ್ಸ್ಡ್ ಕಾರ್ಡ್ ಕೊಡುವ ಅನುಮತಿ 30 ಮೀಟರ್‌ವರೆಗೆ, ಅಲ್ಲಿನ ಒತ್ತಡ 4 ಬಾರ್. ಅಂದರೆ ನಾನು ನಿಮಿಷಕ್ಕೆ 136 ಲೀಟರ್ ಎಳೆಯುತ್ತೇನೆ. 150 ಬಾರ್ ಅಂದರೆ 1,650 ಲೀಟರ್, ಹನ್ನೆರಡೇ ನಿಮಿಷ. ಇಳಿಯುವುದು, ಏರುವುದು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು (ಸೇಫ್ಟಿ ಸ್ಟಾಪ್) ಎಲ್ಲ ಅದರೊಳಗೇ ಆಗಬೇಕು.

ಬೆಳಗ್ಗೆ ಹೋಗಿ ಬೇಡ ಅಂದೆ. ಮುಂಗಡ ವಾಪಸ್ ಬರಲಿಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಗೆಳೆಯ ಉಳಿದು ಕೋರ್ಸ್ ಮುಗಿಸಿ ಕಾರ್ಡ್ ತಂದ. "ಏ, ನೀನು ಬರೀ ಲೆಕ್ಕ ಹಾಕ್ಕೊಂಡು ಕೂತ್ಕೋ. ಕಾರ್ಡ್ ಮೊದ್ಲು ತಗಂಡ್ ಬಿಡ್ಬೇಕು, ಕಲಿಯೋದು ಆಮೇಲೆ ಇದ್ದೇ ಇರುತ್ತೆ" ಅಂತ ಎರಡು ವರ್ಷ ಹೇಳಿದ. ಮನೆಯಲ್ಲೂ ಅದೇ ಪ್ರಶ್ನೆ: "ರೀ, ಅವರದ್ದೆಲ್ಲ ಆಯ್ತಲ್ಲ, ನಿಮ್ಮದ್ಯಾಕೆ ಆಗಲಿಲ್ಲ?" ಈಗ ನನ್ನದೂ ಆಗಿದೆ, ನಾನು ಅಂದುಕೊಂಡ ರೀತಿಯಲ್ಲೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓಪನ್ ವಾಟರ್ ಮುಗಿಸಿದವರಿಗೆ ಇದು, ಬಿಸಿಡಿ (ಗಾಳಿ ತುಂಬುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವುದು) ಬಗ್ಗೆ ವಿವರವಾಗಿ ಹೇಳುವುದಿಲ್ಲ.

ಸ್ಕೂಬಾ ಕಾರ್ಡ್ ಕೊಡುವ ಸಂಸ್ಥೆ ಪ್ಯಾಡಿಯವರ ನಿಯಮದಲ್ಲಿ ಓಪನ್ ವಾಟರ್ ಆದ ಮರುದಿನವೇ ಅಡ್ವಾನ್ಸ್ಡ್ ಶುರು ಮಾಡಬಹುದು. ಐದು ಡೈವ್, ಅದರಲ್ಲಿ ಆಳದ್ದು ಮತ್ತು ದಿಕ್ಕಿನದು ಕಡ್ಡಾಯ, ಉಳಿದ ಮೂರು ನಮ್ಮ ಆಯ್ಕೆ. ಅಂಥದೇ ಇನ್ನೊಂದು ಸಂಸ್ಥೆ ಎಸ್‌ಎಸ್‌ಐನವರಲ್ಲಿ ಅದೇ 'ಅಡ್ವಾನ್ಸ್ಡ್ ಓಪನ್ ವಾಟರ್' ಹೆಸರು ಬೇಕಾದರೆ ನಾಲ್ಕು ಸ್ಪೆಷಾಲಿಟಿ (ಒಂದೊಂದು ವಿಷಯದ ಕೋರ್ಸ್), 24 ಡೈವ್ ಆಗಿರಬೇಕು. ಹೆಸರು ಒಂದೇ, ಅಳತೆ ಬೇರೆ. ಹಾಗಾಗಿ ಎಷ್ಟು ಡೈವ್ ಆದ ಮೇಲೆ ಹೋಗಬೇಕು ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ನನ್ನ ಅಳತೆ ಇದು: 30 ಮೀಟರಿನಲ್ಲಿ ನನ್ನನ್ನು ಮೇಲಕ್ಕೆ ಕಳಿಸುವುದು ಡೈವ್ ಕಂಪ್ಯೂಟರ್ (ಆಳ, ಉಳಿದ ಸಮಯ ತೋರಿಸುವುದು) ತೋರಿಸುವ ಸಮಯವಾಗಿರಬೇಕು, ಮುಗಿದ ಗಾಳಿಯಲ್ಲ. ಪ್ಯಾಡಿ ಟೇಬಲ್ ಪ್ರಕಾರ 30 ಮೀಟರಿನಲ್ಲಿ ಡಿಕಂಪ್ರೆಷನ್ ಇಲ್ಲದೆ, ಅಂದರೆ ಮೈಗೆ ಸೇರಿದ ನೈಟ್ರೋಜನ್ ಹೊರಹೋಗಲು ಏರುವಾಗ ಕಡ್ಡಾಯವಾಗಿ ನಿಲ್ಲಬೇಕಾಗದೆ, ಇರಬಹುದಾದದ್ದು 20 ನಿಮಿಷ. ನಿಮಿಷಕ್ಕೆ 18 ಲೀಟರ್ ಬಳಸುವವನಿಗೆ ಅಲ್ಲಿ 150 ಬಾರ್ 23 ನಿಮಿಷ ಬರುತ್ತದೆ. ಸಮಯ ಮೊದಲು ಮುಗಿಯುತ್ತದೆ, ಗಾಳಿ ಉಳಿಯುತ್ತದೆ. ಆದ್ದರಿಂದ 18. ಅದೂ ಒಂದು ಒಳ್ಳೆಯ ದಿನದ 18 ಅಲ್ಲ, ಸತತ ಮೂರು ಡೈವ್‌ಗಳಲ್ಲಿ.

34ರಿಂದ 18ಕ್ಕೆ ಬರಲು ಹಿಡಿದ ದಾರಿ ನೇರವಾಗಿರಲಿಲ್ಲ.

2022ರ ಜನವರಿಯಲ್ಲಿ ಮತ್ತೆ ಹೋದೆ. ಬೋಟಿನಲ್ಲಿ ಕೇಳದೆ, ಮುಳುಗಲೆಂದು 10 ಕೆಜಿ ತೂಕ ಸೊಂಟಕ್ಕೆ ಕಟ್ಟಿದರು, ನಾನೂ ಸುಮ್ಮನಿದ್ದೆ. ಕೆಳಗೆ ಕಲ್ಲಿನ ಹಾಗೆ ಇಳಿದೆ, ಜಾಕೆಟ್ಟಿಗೆ ಗಾಳಿ ತುಂಬಿದೆ, ಮೇಲೆ ಹೋದೆ, ಖಾಲಿ ಮಾಡಿದೆ, ಮತ್ತೆ ಇಳಿದೆ. ಅರ್ಧ ಸಿಲಿಂಡರ್ ಜಾಕೆಟ್ಟೇ ಕುಡಿಯಿತು. ಎರಡನೇ ಡೈವಿನಲ್ಲಿ 12 ಮೀಟರ್ ಆಳದಲ್ಲಿ ಯಾರದೋ ಫಿನ್ (ಕಾಲಿನ ಈಜುರೆಕ್ಕೆ) ತಗುಲಿ ಮಾಸ್ಕ್ ತುಂಬಾ ನೀರು. ಮೂಗಿನಿಂದ ಎಳೆದುಕೊಂಡೆ. ಮಾಸ್ಕ್ ಖಾಲಿ ಮಾಡುವುದು ಕಲಿತದ್ದೇ, ಕೋರ್ಸಿನಲ್ಲಿ ಪಾಸಾಗಿದ್ದೇ. ಆದರೆ ಅವತ್ತು ಕೈಗೆ ಬರಲಿಲ್ಲ, ಮೇಲಕ್ಕೆ ಓಡಿದೆ. ಕಂಪ್ಯೂಟರ್ ಕಿರುಚುತ್ತಿತ್ತು. ಜೊತೆಗೆ ಇಳಿದಿದ್ದ ಡೈವರ್ ಕಾಲು ಹಿಡಿದು ಎಳೆಯದಿದ್ದರೆ ಸೇಫ್ಟಿ ಸ್ಟಾಪ್ ಬಿಡಿ, ಉಸಿರು ಕಟ್ಟಿಕೊಂಡೇ ಮೇಲೆ ಬಂದಿರುತ್ತಿದ್ದೆ. ಶ್ವಾಸಕೋಶ ಹರಿಯುವುದು ಹಾಗೆಯೇ. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿತವರಿಗೆ ಇದು ದೊಡ್ಡ ತೊಡಕು. ನೀರೊಳಗೆ ಹೋದ ಕೂಡಲೇ ಉಸಿರು ಕಟ್ಟುವುದು ಏಳನೇ ವಯಸ್ಸಿನಿಂದ ಮೈಗೆ ಅಂಟಿದ ಚಾಳಿ. ಸ್ಕೂಬಾದಲ್ಲಿ ಅದೇ ಮೊದಲು ಬಿಡಬೇಕಾದದ್ದು.

ಆ ದಿನವೇ ಸಂಜೆ ಕಾರು ಹತ್ತಿ ಹೊನ್ನಾವರದಿಂದ ಘಾಟಿ ಏರಿ ಊರಿಗೆ ಬಂದೆವು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಡೈವ್ ಮಾಡಿ 18 ಗಂಟೆ ವಿಮಾನ ಹತ್ತಬಾರದು ಅಂತ ಬಾಯಿಪಾಠ ಮಾಡಿದವರು ಘಾಟಿಯನ್ನು ಮರೆಯುತ್ತಾರೆ. ಮೈಯೊಳಗಿನ ನೈಟ್ರೋಜನ್‌ಗೆ ವಿಮಾನ, ಬೆಟ್ಟ ಎರಡೂ ಒಂದೇ, ಒತ್ತಡ ಇಳಿದರೆ ಸಾಕು. ಅವತ್ತು ಏನೂ ಆಗಲಿಲ್ಲ. ಆದರೆ ಆಮೇಲೆ ಒಮ್ಮೆಯೂ ಹಾಗೆ ಮಾಡಿಲ್ಲ. ಮುರುಡೇಶ್ವರದಲ್ಲಿ ಒಂದು ರಾತ್ರಿ ಹೆಚ್ಚು ಉಳಿದೇ ಹೊರಡುತ್ತೇನೆ. ಲಾಡ್ಜಿನ 1,200 ರೂಪಾಯಿಯನ್ನು ಡೈವಿನ ಖರ್ಚಿಗೇ ಬರೆಯುತ್ತೇನೆ.

ಮೊದಲು ಸರಿಮಾಡಿದ್ದು ತೂಕ. ಬೆಂಗಳೂರಿನ ಈಜುಕೊಳದಲ್ಲಿ ಕೋರ್ಸಿನ ಮೊದಲ ಪಾಠ ಆದಾಗ 4 ಕೆಜಿಯಲ್ಲಿ ಸಮ ನಿಂತಿದ್ದೆ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆ–ಮೂರರಷ್ಟು ಭಾರ, ಆದ್ದರಿಂದ ಸಮುದ್ರಕ್ಕೆ ಎರಡು ಕೆಜಿ ಸೇರಿಸಿದರೆ ನನಗೆ ಸಾಕಾಗಬೇಕಿತ್ತು. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ: ತೂಕವನ್ನು ತುಂಬಿದ ಸಿಲಿಂಡರಿನಲ್ಲಿ ನೋಡುತ್ತಾರೆ. ಗಾಳಿಗೂ ತೂಕವಿದೆ. 150 ಬಾರ್ ಖರ್ಚಾದರೆ ಸುಮಾರು ಎರಡು ಕೆಜಿ ಹಗುರಾಗುತ್ತೇವೆ. ಆದ್ದರಿಂದ ನಾನು ಡೈವಿನ ಕೊನೆಗೆ, 50 ಬಾರ್ ಇರುವಾಗ, 5 ಮೀಟರಿನಲ್ಲಿ ಜಾಕೆಟ್ ಪೂರ್ತಿ ಖಾಲಿ ಮಾಡಿ ಹಗ್ಗ ಬಿಟ್ಟು ನಿಲ್ಲಲು ನೋಡಿದೆ. ಒಂದೊಂದೇ ಕೆಜಿ ತೆಗೆಯುತ್ತಾ ಬಂದು 3 ಮಿ.ಮೀ. ಸೂಟಿಗೆ 6ಕ್ಕೆ ನಿಂತಿತು. ಅದೊಂದರಿಂದಲೇ ಲೆಕ್ಕ 34ರಿಂದ 26ಕ್ಕೆ ಬಂತು.

ಮಗಳಿಗೆ ತೋರಿಸಲು ಇನ್ನೊಂದು ಪ್ರಯೋಗ ಮಾಡಿದೆ. ನಮ್ಮ ಊರಿನ ಖಾರಮಂಡಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಸೇರಿಸಿ ಸೀಲ್ ಮಾಡಿ ಜಾಕೆಟ್ಟಿಗೆ ಭದ್ರವಾಗಿ ಕಟ್ಟಿಕೊಂಡು ಇಳಿದೆ. ಬೋಟಿನಲ್ಲಿ ದಿಂಬಿನ ಹಾಗಿದ್ದದ್ದು 10 ಮೀಟರಿಗೆ ಅರ್ಧವಾಯಿತು, 17ರಲ್ಲಿ ಪ್ಲಾಸ್ಟಿಕ್ಕು ಮಂಡಕ್ಕಿ ಕಾಳಿಗೆ ಅಂಟಿ ಕೂತಿತ್ತು. ಮೈಮೇಲಿನ ಸೂಟಿನೊಳಗಿನ ಗಾಳಿ ಗುಳ್ಳೆಗಳಿಗೂ ಅದೇ ಗತಿ. ಆಳ ಹೋದಂತೆ ತೇಲುವ ಶಕ್ತಿ ಹೋಗುತ್ತದೆ, ಹೆಚ್ಚು ತೂಕ ಕಟ್ಟಿದವನು 30 ಮೀಟರಿನಲ್ಲಿ ಇನ್ನಷ್ಟು ಭಾರವಾಗುತ್ತಾನೆ. ಫೋಟೋ ಇದೆ, ಮಗಳ ಶಾಲೆಯಲ್ಲೂ ತೋರಿಸಿದರು.

2022–23ರ ಇಡೀ ಸೀಸನ್ 21–22ರಲ್ಲೇ ಸಿಕ್ಕಿಹಾಕಿಕೊಂಡೆ. ನಾಲ್ಕು ಸಲ ಹೋದೆ, ಪ್ರತಿ ಸಲ ಎರಡು ಡೈವಿಗೆ 7,000, ಡೀಸೆಲ್ಲಿಗೆ 4,000, ಊಟ ಲಾಡ್ಜು ಸೇರಿ 13–14 ಸಾವಿರ. ಕೂದಲೆಳೆಯಷ್ಟೂ ಇಳಿಯಲಿಲ್ಲ. ಗೆಳೆಯ ಹೇಳಿದ್ದೇ ಸರಿ ಇರಬಹುದೇನೋ, ಈ ಹಣದಲ್ಲಿ ಕೋರ್ಸೇ ಆಗುತ್ತಿತ್ತಲ್ಲ ಅಂತ ಅನ್ನಿಸಿದ್ದು ಆಗಲೇ. ಒಬ್ಬರು ಹಿಂದಿನಿಂದ ತೆಗೆದ ವಿಡಿಯೊ ನೋಡಿದ ಮೇಲೆ ಕಾರಣ ಗೊತ್ತಾಯಿತು. ನಾನು ಕೈ ಆಡಿಸುತ್ತಲೇ ಇದ್ದೆ, ಕಾಲು ಸೈಕಲ್ ತುಳಿಯುತ್ತಿತ್ತು. ಬಾವಿಯ ಈಜು ಮತ್ತೆ.

ಜೂನ್‌ನಿಂದ ಸೆಪ್ಟೆಂಬರ್ ನೇತ್ರಾಣಿಗೆ ಬೋಟಿಲ್ಲ. ಆ ನಾಲ್ಕು ತಿಂಗಳು ಕಲಿತದ್ದೆಲ್ಲ ತುಕ್ಕು ಹಿಡಿಯುತ್ತದೆ, ಅದನ್ನೇ ಉಪಯೋಗಿಸಿಕೊಂಡೆ. ದಾವಣಗೆರೆಯ ಕೊಳದಲ್ಲಿ ಸಿಲಿಂಡರ್ ಬಿಡುವುದಿಲ್ಲ, ಬಿಟ್ಟರೂ ತುಂಬಿಸಲು ಇಲ್ಲಿ ಕಂಪ್ರೆಸರ್ ಇಲ್ಲ. ಮಾಸ್ಕು, ಸ್ನಾರ್ಕೆಲ್ (ಉಸಿರಾಡುವ ಕೊಳವೆ), ಫಿನ್ ಸಾಕು. ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ. ಮಾಸ್ಕ್ ಇಲ್ಲದೆ ಮುಖ ನೀರಲ್ಲಿಟ್ಟು ಸ್ನಾರ್ಕೆಲ್‌ನಲ್ಲಿ ಉಸಿರಾಡುವುದು: ಮೊದಲ ದಿನ ಅರ್ಧ ನಿಮಿಷ, ಆಗಸ್ಟ್ ಹೊತ್ತಿಗೆ ಹತ್ತು ನಿಮಿಷ. ಮಾಸ್ಕಿನ ಭಯ ಹೋದದ್ದು ಇದರಿಂದ. ಆಮೇಲೆ ಕೈ ಎದೆಗೆ ಕಟ್ಟಿಕೊಂಡು, ಕಪ್ಪೆ ಕಾಲಿನಲ್ಲಿ ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಅಡ್ಡ ಈಜುವುದು. ಉಸಿರು ಒಳಗೆಷ್ಟು, ಹೊರಗೆಷ್ಟು ಅಂತ ಒಂದು ಎಣಿಕೆ ಮಾಡಿಕೊಂಡಿದ್ದೇನೆ. ಎಲ್ಲೂ ನಿಲ್ಲಿಸುವುದಿಲ್ಲ, ಕಟ್ಟುವುದಿಲ್ಲ, ಹೊರಬಿಡುವುದು ಉದ್ದ, ಅಷ್ಟು ಹೇಳಬಲ್ಲೆ. ಎಣಿಕೆ ಮಾತ್ರ ನನ್ನ ಹತ್ತಿರವೇ ಇರಲಿ. ಇಳಿಯುವಾಗ ಒತ್ತಡಕ್ಕೆ ಕಟ್ಟುವ ಕಿವಿ ಬಿಡಿಸಿಕೊಳ್ಳಲು ಹಿಂದಿನ ರಾತ್ರಿಯಿಂದ ಮಾಡುವುದೊಂದಿದೆ, ಅದನ್ನೂ ನೇರ ಸಿಕ್ಕವರಿಗೇ ತೋರಿಸುತ್ತೇನೆ.

ಕೆಲವರು ಸೂಳೆಕೆರೆಯಲ್ಲೇ ಮುಳುಗಿ ಕಲಿ ಅಂದರು. ಕೆಸರು, ಬಲೆ, ಜೊಂಡು, ಕೈ ಚಾಚಿದರೆ ಕೈ ಕಾಣದ ನೀರು. ಒಬ್ಬನೇ ಅಲ್ಲಿಗೆ ಇಳಿಯುವುದು ಅಭ್ಯಾಸವಲ್ಲ. ಆ ಮಾತನ್ನು ನಾನು ಮುಂದುವರಿಸಲೇ ಇಲ್ಲ.

ದಿಕ್ಕಿನ ಅಭ್ಯಾಸವನ್ನು ಮೆಕ್ಕೆಜೋಳ ಕಟಾವಾದ ನಮ್ಮ ಮಾವನ ಹೊಲದಲ್ಲಿ ಮಾಡಿದೆ. ತಲೆ ಮೇಲೆ ಟವಲ್, ಕಂಪಾಸ್ ಮಾತ್ರ ಕಾಣಬೇಕು. ನೂರು ಹೆಜ್ಜೆ, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಲ. ಮೊದಲ ಚೌಕ ಮೂವತ್ತು ಹೆಜ್ಜೆ ತಪ್ಪಿತು, ಒಂದು ತಿಂಗಳಲ್ಲಿ ಮೂರು–ನಾಲ್ಕು ಹೆಜ್ಜೆಗೆ ಬಂತು. ಅಂಗಡಿಯಲ್ಲಿ ಆ ಕಂಪಾಸ್ ಕೆಲಸ ಮಾಡುವುದೇ ಇಲ್ಲ, ಸುತ್ತ ಕಬ್ಬಿಣ, ಮ್ಯಾಗ್ನೆಟ್. ಆಗ ಹೊಳೆದು ಡೈವಿಂಗ್ ಟಾರ್ಚನ್ನು ಕಂಪಾಸ್ ಹತ್ತಿರ ತಂದು ನೋಡಿದೆ. ನನ್ನ ಟಾರ್ಚಿನ ಸ್ವಿಚ್ ಮ್ಯಾಗ್ನೆಟ್ಟಿನದು, ಮುಳ್ಳು ಇಪ್ಪತ್ತು ಡಿಗ್ರಿಯಷ್ಟು ಓಡಿತು. ರಾತ್ರಿ ಡೈವಿನಲ್ಲಿ ಟಾರ್ಚ್ ಒಂದು ಕೈಯಲ್ಲಿ, ಕಂಪಾಸ್ ಇನ್ನೊಂದು ಕೈಯಲ್ಲಿ, ಎರಡನ್ನೂ ದೂರ ಹಿಡಿಯಿರಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

2023ರ ಅಕ್ಟೋಬರಿನ ಮೊದಲ ಡೈವ್ 19. ಡಿಸೆಂಬರಿನಲ್ಲಿ 17, 17, 16. ಹಗ್ಗ ಮುಟ್ಟದೆ ಮೂರು ನಿಮಿಷ ನಿಂತೆ, ಕೇಳದೆಯೇ ಮಾಸ್ಕ್ ತೆಗೆದು ಹಾಕಿದೆ. ಅವತ್ತೇ ಬೋಟಿನಿಂದ ಮನೆಗೆ ಫೋನ್ ಮಾಡಿ ಈ ಸಲ ಅಂಡಮಾನಿಗೆ ಹೋಗೋಣ ಅಂದೆ. 22 ಡೈವ್ ಆಗಿದ್ದವು.

2024ರ ಫೆಬ್ರವರಿಯಲ್ಲಿ ಸ್ವರಾಜ್ ದ್ವೀಪ, ಹಿಂದಿನ ಹ್ಯಾವ್‌ಲಾಕ್. ಕೋರ್ಸಿಗೆ 25 ಸಾವಿರದ ಹತ್ತಿರ, ವಿಮಾನ, ಹಡಗು, ರೂಮು ಸೇರಿ ಇನ್ನೊಂದು 35. ಮೊದಲಿನಿಂದ ಎಲ್ಲ ಕೂಡಿದರೆ ಎರಡು ಲಕ್ಷದ ಹತ್ತಿರ ಬರುತ್ತದೆ, ಆ ಹೋದ 5,000ವೂ ಸೇರಿ. ಕಡ್ಡಾಯದ ಎರಡರ ಜೊತೆ ತೇಲುವಿಕೆ, ರಾತ್ರಿ, ನೀರಿನ ಸೆಳವು ಇವನ್ನು ಆರಿಸಿಕೊಂಡೆ. ಆಳದ ಡೈವ್ ಡಿಕ್ಸನ್ಸ್ ಪಿನಾಕಲ್‌ನಲ್ಲಿ, 28 ಮೀಟರ್. ಬೋಟಿನಲ್ಲಿ ಹನ್ನೆರಡು ಸೆಕೆಂಡಿಗೆ ಮಾಡಿದ ಲೆಕ್ಕವನ್ನು ಅಲ್ಲಿ ಸ್ಲೇಟಿನ ಮೇಲೆ ಮಾಡಲು ಇಪ್ಪತ್ತೊಂದು ಸೆಕೆಂಡ್ ಹಿಡಿಯಿತು, ಉತ್ತರ ಸರಿಯಿತ್ತು. ನೈಟ್ರೋಜನ್ನಿನ ಮಂಪರು ಅಂದರೆ ಇದು: ಸುಖವಾಗಿತ್ತು, ತಲೆ ಮಾತ್ರ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು. ಕೆಂಪು ಕಾರ್ಡ್ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರಿನ ಬಗ್ಗೆ, ಮಾಸ್ಕಿನ ಬಗ್ಗೆ ಯೋಚನೆ ಮಾಡಬೇಕಾಗಿದ್ದರೆ ಆ ಮಂಪರನ್ನು ಗಮನಿಸುವಷ್ಟು ತಲೆ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಹದಿನೇಳನೇ ನಿಮಿಷಕ್ಕೆ ಕಂಪ್ಯೂಟರಿನಲ್ಲಿ ಎರಡೇ ನಿಮಿಷ ಉಳಿದಿತ್ತು, ಗೇಜಿನಲ್ಲಿ 105 ಬಾರ್. ಏರೋಣ ಅಂತ ಮೊದಲು ಸನ್ನೆ ಮಾಡಿದ್ದು ನಾನು. ಸ್ಟಾಪ್ ಮುಗಿಸಿ ಬೋಟು ಹತ್ತಿದಾಗ ಇನ್ನೂ 85 ಇತ್ತು. ಕಲಿಸುವವರ ಗೇಜಿಗೂ ನನ್ನದಕ್ಕೂ ಹತ್ತೇ ಬಾರ್ ವ್ಯತ್ಯಾಸ.

ಎಲ್ಲರೂ ಎರಡು ವರ್ಷ ಕಾಯಬೇಕು ಅನ್ನುವುದಿಲ್ಲ. ನಮ್ಮ ಅಕ್ಕನ ಮಗಳು ಕಾರವಾರದಲ್ಲಿ ಕೆಲಸದಲ್ಲಿದ್ದಾಳೆ, ಎರಡೂ ಕೋರ್ಸ್ ಒಂದೇ ವಾರದಲ್ಲಿ ಮುಗಿಸಿದಳು, ಆಮೇಲೆ ಸೀಸನ್ ಪೂರ್ತಿ ವಾರ ಬಿಟ್ಟು ವಾರ ನೀರಿಗೆ ಇಳಿದಳು. ಅವಳ ಮಟ್ಟಿಗೆ ಅದು ಸರಿಯಾದ ನಿರ್ಧಾರ, ಮೊದಲ ಡೈವಿನಲ್ಲೇ ಅವಳ ಲೆಕ್ಕ 20ರ ಆಸುಪಾಸಿತ್ತು. 250 ಕಿಲೋಮೀಟರ್ ಮೇಲೆ ಕಾರು ಓಡಿಸಿಕೊಂಡು ವರ್ಷಕ್ಕೆ ನಾಲ್ಕು ಸಲ ಸಮುದ್ರ ನೋಡುವ ನಮ್ಮಂಥವರ ಮಾತು ಬೇರೆ.

ಚಿತ್ರದುರ್ಗದ ಗೆಳೆಯ ಕಾರ್ಡ್ ಬಂದ ಮೇಲೆ ಎರಡು ವರ್ಷ ನೀರಿಗೇ ಇಳಿದಿರಲಿಲ್ಲ. ಆಳದ ಡೈವಿನಲ್ಲಿ ಗಾಳಿ ಮುಗಿದು ಬೇರೆಯವರ ರೆಗ್ಯುಲೇಟರಿನಲ್ಲಿ ಮೇಲೆ ಬಂದಿದ್ದನಂತೆ. ಅದನ್ನು ನನಗೆ ಹೇಳಿದ್ದು ನಾನು ಅಂಡಮಾನಿನಿಂದ ಬಂದ ಮೇಲೆ, ಬೆಣ್ಣೆದೋಸೆ ಮುಂದಿಟ್ಟುಕೊಂಡು. ಈಗ ಅವನೂ ಬೆಳಗ್ಗೆ ಕೊಳಕ್ಕೆ ಹೋಗುತ್ತಾನೆ, ಮಾಸ್ಕ್ ಇಲ್ಲದೆ ಆರು ನಿಮಿಷ ಇರುತ್ತಾನೆ. ಹೋದ ನವೆಂಬರಿನಲ್ಲಿ ನೇತ್ರಾಣಿಗೆ ಒಟ್ಟಿಗೆ ಹೋಗಿದ್ದೆವು. ಅವನ ತೂಕವನ್ನು 9ರಿಂದ 7ಕ್ಕೆ ಇಳಿಸಿದೆ, ಲೆಕ್ಕ 24 ಬಂತು. ಇನ್ನು ಆರು ಇಳಿಯಬೇಕು.